ಮನಸ್ಸು ಮೇಯಲು ಹೋದಾಗ

ಎಂಆರ್‌ಐ ಯಂತ್ರದ ಕೊಳವೆಯೊಳಗೆ ಒಬ್ಬರು ಅಂಗಾತ ಮಲಗಿದ್ದಾರೆ. ಕಣ್ಣೆದುರು ಅಂಕಿಗಳು ಒಂದೊಂದಾಗಿ ಬಂದು ಹೋಗುತ್ತವೆ. 7, 1, 9, 4. ಪ್ರತಿ ಅಂಕಿಗೂ ಕೈಯಲ್ಲಿರುವ ಗುಂಡಿ ಒತ್ತಬೇಕು. 3 ಬಂದಾಗ ಮಾತ್ರ ಒತ್ತಬಾರದು. ಅಷ್ಟೇ ಕೆಲಸ. ತುಸು ಹೊತ್ತು ಕಳೆಯುವಷ್ಟರಲ್ಲಿ ಬೆರಳು ತನ್ನ ಪಾಡಿಗೆ ಒತ್ತತೊಡಗುತ್ತದೆ, ಮನಸ್ಸು ಹೊರಟುಹೋಗಿರುತ್ತದೆ. ರಾತ್ರಿಯ ಅಡುಗೆಗೋ, ಕಟ್ಟಬೇಕಾದ ಬಾಡಿಗೆಗೋ, ಯಾರೋ ಆಡಿದ ಮಾತಿಗೋ. ಅಷ್ಟರಲ್ಲಿ 3 ಬರುತ್ತದೆ. ಬೆರಳು ಅದನ್ನೂ ಒತ್ತಿಬಿಡುತ್ತದೆ. ಯಾವುದೋ ಒಂದು ಗಳಿಗೆಯಲ್ಲಿ ಅಂಕಿಗಳು ನಿಂತು ಪ್ರಶ್ನೆಯೊಂದು ಮೂಡುತ್ತದೆ: ಈಗ ನಿಮ್ಮ ಗಮನ ಎಲ್ಲಿತ್ತು? ಹಿಂದೆಯೇ ಇನ್ನೊಂದು: ಅದು ಅಲ್ಲಿಗೆ ಹೋಗಿದ್ದು ನಿಮಗೆ ಗೊತ್ತಿತ್ತೇ?

ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ನರವಿಜ್ಞಾನಿ ಕಲಿನಾ ಕ್ರಿಸ್ಟಾಫ್ ತಮ್ಮ ಸಂಗಡಿಗರೊಂದಿಗೆ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಅಷ್ಟು ದೊಡ್ಡ ಯಂತ್ರವಿದ್ದರೂ ಪ್ರಯೋಗ ನಿಂತಿದ್ದು ಆ ಪುಟ್ಟ ಪ್ರಶ್ನೆಯ ಮೇಲೆ. ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಪ್ರಶ್ನೆ ಅದು. ಅನ್ನ ಕಲಸಿಟ್ಟು ಕಿಟಕಿ ನೋಡುತ್ತ ಕೂತ ಮಗಳಿಗೆ ಅಮ್ಮ ಕೇಳುತ್ತಾಳೆ, "ಎಲ್ಲಿದ್ದೀಯೇ?" ಹಿಂದಿನ ಬೆಂಚಿನ ಹುಡುಗನಿಗೆ ಮೇಷ್ಟರು ಕೇಳುತ್ತಾರೆ, "ಎಲ್ಲಯ್ಯಾ ಮೇಯ್ತಾ ಇದೆ ಗಮನ?" ನಾವು ಯಾರೂ ಉತ್ತರಕ್ಕೆ ಕಾಯುವುದಿಲ್ಲ. ಕ್ರಿಸ್ಟಾಫ್ ಕಾದರು.

ಮೇಯುವುದು ಎಂಬ ಮಾತು ನನಗೆ ತುಂಬ ಇಷ್ಟ. ನಮ್ಮ ಹಿರಿಯರು ಮನಸ್ಸನ್ನು ಮರ್ಕಟ ಎಂದಿದ್ದಾರೆ, ಲಗಾಮಿಲ್ಲದ ಕುದುರೆ ಎಂದಿದ್ದಾರೆ. ಆಡುಮಾತಿನಲ್ಲಿ ಮಾತ್ರ ಅದು ದನ. ಗೂಟದಿಂದ ಬಿಚ್ಚಿಕೊಂಡು, ಬೇಲಿ ದಾಟಿ, ಹುಲ್ಲು ಕಂಡ ಕಡೆ ಹೋಗುವ ದನ. ಹಗ್ಗ, ಗೂಟ, ಬೇಲಿ, ಬಯಲು: ಈ ನಾಲ್ಕು ಮಾತು ಕೈಯಲ್ಲಿದ್ದರೆ ಕ್ರಿಸ್ಟಾಫ್ ಮುಂದೆ ಕಟ್ಟಿದ ಸಿದ್ಧಾಂತ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೆ ಮೊದಲು, ನನಗೆ ಇದು ಏಕೆ ಬೇಕಾಯಿತು ಎಂದು ಹೇಳಬೇಕು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಸುಮಾರು ಒಂದು ವರ್ಷ ಇದ್ದೂ ಇಲ್ಲದಂತಿದ್ದಳು. ಒಗ್ಗರಣೆಗೆ ಎಣ್ಣೆ ಇಟ್ಟು ನಿಂತವಳು ಸಾಸಿವೆ ಸೀದು ಹೊಗೆಯೆದ್ದರೂ ಅಲುಗುತ್ತಿರಲಿಲ್ಲ. "ಏನಮ್ಮಾ ಯೋಚನೆ?" ಎಂದರೆ ಉತ್ತರ ಯಾವಾಗಲೂ ಒಂದೇ. ಎದೆ ಹಿಡಿದಂತಾಗುತ್ತಿದೆ ಎಂದು ಅಪ್ಪ ಅಂದಾಗ ವಾಯು ಇರಬೇಕೆಂದು ಜೀರಿಗೆ ಕಷಾಯ ಕಾಯಿಸಿ ಕೊಟ್ಟಳಲ್ಲ, ಆ ಅರ್ಧ ಗಂಟೆ. "ಆಗಲೇ ಆಟೋ ಕರೆಸಿದ್ದಿದ್ರೆ?" ರಾತ್ರಿ ಎರಡಕ್ಕೆ ಎದ್ದು ಕೂತರೂ ಅದೇ ಕಷಾಯ, ಅದೇ ಅರ್ಧ ಗಂಟೆ. ನಾನು, ಅಕ್ಕ, ಬಂದುಹೋಗುವ ನೆಂಟರು ಎಲ್ಲರೂ ಹೇಳಿದ್ದು ಒಂದೇ ಮಾತು: "ಮನಸ್ಸನ್ನ ಎಲ್ಲೆಲ್ಲೋ ಹರಿಯೋಕೆ ಬಿಡಬೇಡಮ್ಮ."

ಆ ಮಾತು ಎಷ್ಟು ತಪ್ಪಾಗಿತ್ತು ಎಂದು ತಿಳಿದದ್ದು ಈ ಸಂಶೋಧನೆಗಳನ್ನು ಓದುತ್ತ ಹೋದಾಗ.

ಸುಮ್ಮನೆ ಕೂತವರ ಮಿದುಳೂ ಸುಮ್ಮನಿರುತ್ತದೆ ಎಂಬ ನಂಬಿಕೆ ವಿಜ್ಞಾನಿಗಳಲ್ಲೂ ಬಹುಕಾಲ ಇತ್ತು. ಅದು ಹಾಗಲ್ಲ ಎಂಬ ಸುಳಿವು ಆಗಾಗ ಸಿಗುತ್ತಲೇ ಇತ್ತು. ಜರ್ಮನಿಯ ಯೇನಾ ಪಟ್ಟಣದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಕಣ್ಣು ಮುಚ್ಚಿ ಆರಾಮವಾಗಿ ಕೂತವರಲ್ಲೂ ಅಲೆಗಳು ಏಳುತ್ತಲೇ ಇದ್ದವು. ಹಾಗೆ ಕೂತಾಗ ಎದ್ದು ಕಾಣುವ ನಿಧಾನದ ಅಲೆಗೆ ಅವರು ಆಲ್ಫಾ ಎಂದು ಹೆಸರಿಟ್ಟರು. 1955ರಲ್ಲಿ ಅಮೆರಿಕದ ಲೂಯಿಸ್ ಸೊಕೊಲಾಫ್ ಮತ್ತು ಸಂಗಡಿಗರು ಜನರಿಂದ ಬಾಯಿಲೆಕ್ಕ ಮಾಡಿಸುತ್ತ, ಮಿದುಳು ಬಳಸುವ ಆಮ್ಲಜನಕವನ್ನು ಅಳೆದರು. ಲೆಕ್ಕ ಮಾಡುವಾಗ ಒಟ್ಟು ಬಳಕೆ ಏರಬೇಕಿತ್ತಲ್ಲ? ಏರಲಿಲ್ಲ. ಅಂದರೆ ಸುಮ್ಮನಿರುವಾಗಲೂ ಮಿದುಳು ಅಷ್ಟೇ ಉರುವಲು ಸುಡುತ್ತಿತ್ತು. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ 2ರಷ್ಟು. ದೇಹ ಬಳಸುವ ಶಕ್ತಿಯಲ್ಲಿ ಅದರ ಪಾಲು ಶೇ 20ರಷ್ಟು. ಕಷ್ಟದ ಕೆಲಸಕ್ಕೆ ಕೂತಾಗ ಈ ಖರ್ಚು ಹೆಚ್ಚುವುದು ತೀರ ಸ್ವಲ್ಪ.

ಇದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದವರು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕ್ಲ್. ಮಿದುಳಿನ ಚಿತ್ರ ತೆಗೆಯುವವರದು ಆಗ ಕಳೆಯುವ ಲೆಕ್ಕ. ಕೆಲಸ ಮಾಡುವಾಗಿನ ಚಿತ್ರದಿಂದ ಸುಮ್ಮನಿರುವಾಗಿನ ಚಿತ್ರವನ್ನು ಕಳೆದರೆ ಉಳಿದದ್ದೇ ಆ ಕೆಲಸದ ಜಾಗ. ಓದುವ ಜಾಗ, ನೋಡುವ ಜಾಗ, ಮಾತಿನ ಜಾಗ ಎಲ್ಲ ಹೀಗೆಯೇ ಸಿಕ್ಕವು. ರೈಕ್ಲ್ ಗಮನಿಸಿದ್ದು ಮತ್ತೊಂದನ್ನು. ಕೆಲಸ ಯಾವುದೇ ಇರಲಿ, ಕೆಲಸ ಶುರುವಾದ ಕೂಡಲೇ ಮಿದುಳಿನ ನಟ್ಟನಡುವಿನ, ಹಿಂಬದಿಯ ಒಂದು ಜಾಗದಲ್ಲಿ ಚಟುವಟಿಕೆ ತಗ್ಗುತ್ತಿತ್ತು. ಕೆಲಸ ನಿಂತರೆ ಮತ್ತೆ ಏರುತ್ತಿತ್ತು. ಏನೆಂದು ತಿಳಿಯದೆ ಅವರು ಅದಕ್ಕೆ ರಹಸ್ಯ ಪ್ರದೇಶ ಎಂಬ ಅರ್ಥದ ಅಡ್ಡಹೆಸರಿಟ್ಟು, ಸಿಕ್ಕಿದ ಉದಾಹರಣೆಗಳನ್ನು ಒಂದು ಕಡತದಲ್ಲಿ ಕೂಡಿಡುತ್ತ ಹೋದರು. 2001ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಬಂಧದಿಂದ 'ಡಿಫಾಲ್ಟ್ ಮೋಡ್' ಎಂಬ ಹೆಸರು ಬಂತು. ಹಣೆಯ ಹಿಂದಿನ ನಡುಭಾಗ, ತಲೆಯ ಹಿಂಬದಿಯ ನಡುಭಾಗ, ಕಿವಿಗಳ ಮೇಲ್ಭಾಗದ ಎರಡು ತಾಣಗಳು. ಹೊರಗಿನ ಕೆಲಸ ಇಲ್ಲದಾಗ ಇವು ಒಟ್ಟಾಗಿ ದುಡಿಯುತ್ತವೆ. ಎಷ್ಟೋ ವರ್ಷ ಎಲ್ಲರೂ ಕಳೆದು ಎಸೆಯುತ್ತಿದ್ದ ಚಿತ್ರದಲ್ಲೇ ಇಷ್ಟೆಲ್ಲ ಇತ್ತು.

ಭರತ್ ಬಿಸ್ವಾಲ್ ಎಂಬ ವಿದ್ಯಾರ್ಥಿಯ ಕತೆಯೂ ಇಂಥದ್ದೇ. ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನಲ್ಲಿದ್ದಾಗ ಅವರು 1995ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಬೆರಳನ್ನೂ ಅಲುಗಿಸದೆ ಮಲಗಿದವರ ಮಿದುಳಿನಲ್ಲಿ ಎಡಗೈ ಬಲಗೈಗಳನ್ನು ಆಡಿಸುವ ಎರಡು ಜಾಗಗಳು ಒಂದೇ ತಾಳಕ್ಕೆ ಏರಿಳಿಯುತ್ತಿದ್ದವು. ಅದು ಯಂತ್ರದ ಗದ್ದಲ, ಉಸಿರಾಟದ ಗದ್ದಲ ಎಂದು ತಳ್ಳಿಹಾಕಿದವರು ಬಹಳ ಮಂದಿ. ಇಂದು ವಿಶ್ರಾಂತ ಮಿದುಳಿನ ಅಧ್ಯಯನ ಒಂದು ದೊಡ್ಡ ಶಾಖೆಯೇ ಆಗಿದೆ.

ಕ್ರಿಸ್ಟಾಫ್ ಪ್ರಯೋಗಕ್ಕೆ ಬರುವ ಹೊತ್ತಿಗೆ ಒಂದು ಚಿತ್ರ ಗಟ್ಟಿಯಾಗಿತ್ತು. ಮಿದುಳಿನಲ್ಲಿ ಕೆಲಸದ ಜಾಲ ಒಂದು, ಡಿಫಾಲ್ಟ್ ಜಾಲ ಇನ್ನೊಂದು. ಏತದ ಹಾಗೆ ಒಂದು ಮೇಲೆದ್ದರೆ ಇನ್ನೊಂದು ಕೆಳಗೆ. ಅಂಕಿ ಆಟ ಆಡಿದ ಆ 15 ಮಂದಿ ಕೊಟ್ಟ ಉತ್ತರಗಳನ್ನು ಹಿಡಿದು, ಪ್ರಶ್ನೆ ಮೂಡುವುದಕ್ಕೆ ಕೆಲವೇ ಸೆಕೆಂಡು ಮೊದಲು ಅವರ ಮಿದುಳಿನಲ್ಲಿ ಏನು ನಡೆಯುತ್ತಿತ್ತು ಎಂದು ತಂಡ ನೋಡಿತು. ಮನಸ್ಸು ಹೊರಟುಹೋಗಿದ್ದ ಗಳಿಗೆಗಳಲ್ಲಿ ಡಿಫಾಲ್ಟ್ ಜಾಲ ಬೆಳಗಿತ್ತು. ಅದು ನಿರೀಕ್ಷಿಸಿದ್ದೇ. ಅದರ ಜೊತೆಗೆ, ಕಷ್ಟದ ಲೆಕ್ಕ ಬಿಡಿಸುವಾಗ ಏಳುವ ಮುಂಭಾಗದ ಕೆಲಸದ ಜಾಲವೂ ಎದ್ದು ಕೂತಿತ್ತು. ಏತದ ಎರಡು ತುದಿಯೂ ಮೇಲೆ! ಮನಸ್ಸು ಹೋದದ್ದು ತನಗೇ ಗೊತ್ತಿಲ್ಲದಿದ್ದಾಗ ಎರಡೂ ಜಾಲಗಳು ಇನ್ನಷ್ಟು ಬಲವಾಗಿ ಬೆಳಗಿದ್ದವು.

ಈ ಫಲಿತಾಂಶ ಓದಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತ ಕೂತಿದ್ದೆ. ನಾವು ಯಾರನ್ನು ಪರಧ್ಯಾನ, ಮಂಕು ಎಂದು ಬೈಯುತ್ತೇವೋ ಅವರ ತಲೆಯೊಳಗೆ ಆ ಗಳಿಗೆಯಲ್ಲಿ ಎರಡು ದೊಡ್ಡ ಜಾಲಗಳು ಒಟ್ಟಿಗೆ ದುಡಿಯುತ್ತಿರುತ್ತವೆ. ಏನು ದುಡಿಮೆ ಎಂಬುದು ಬೇರೆ ಪ್ರಶ್ನೆ. ಖಾಲಿಯಂತೂ ಅಲ್ಲ.

ಮರುವರ್ಷವೇ ಇನ್ನೊಂದು ಅಧ್ಯಯನ ಬಂತು, ಲೋಕಕ್ಕೆಲ್ಲ ಹೆಚ್ಚು ಪರಿಚಯವಾದದ್ದು ಅದೇ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ವಯಸ್ಕರ ಐಫೋನುಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸಿದರು: ಏನು ಮಾಡುತ್ತಿದ್ದೀರಿ, ಅದನ್ನೇ ಯೋಚಿಸುತ್ತಿದ್ದೀರಾ, ಹೇಗನಿಸುತ್ತಿದೆ? ಶೇ 46.9ರಷ್ಟು ಉತ್ತರಗಳಲ್ಲಿ ಮನಸ್ಸು ಬೇರೆಡೆ ಇತ್ತು. ಎಚ್ಚರದ ಬದುಕಿನ ಹೆಚ್ಚೂಕಡಿಮೆ ಅರ್ಧ! ಮನಸ್ಸು ಬೇರೆಡೆ ಇದ್ದವರು ಕೈಲಿದ್ದ ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಕಡಿಮೆ ಸಂತೋಷದಲ್ಲಿದ್ದರು. ಅಲೆಯುವ ಮನಸ್ಸು ಅಸುಖಿ ಮನಸ್ಸು ಎಂಬ ಅರ್ಥದ ಶೀರ್ಷಿಕೆಯೊಂದಿಗೆ ಅದು 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಧ್ಯಾನ ಹೇಳಿಕೊಡುವವರು, ಕಚೇರಿ ತರಬೇತುದಾರರು ಅದನ್ನು ಹೋದಲ್ಲೆಲ್ಲ ಉದ್ಧರಿಸಿದರು.

ಆ ಅಧ್ಯಯನದೊಳಗೇ ಇದ್ದ ಇನ್ನೊಂದು ಸಂಗತಿ ಅಷ್ಟು ಸುದ್ದಿಯಾಗಲಿಲ್ಲ. ಹಿತವಾದ ವಿಷಯಗಳತ್ತ ಹೋದ ಮನಸ್ಸುಗಳು ಕೆಲಸದಲ್ಲಿದ್ದವರಿಗಿಂತ ದುಃಖದಲ್ಲೇನೂ ಇರಲಿಲ್ಲ. ಕುಗ್ಗಿದ್ದು ಅಹಿತವಾದುದರ ಬಳಿಗೆ, ಅತ್ತ ಹಿತವೂ ಇತ್ತ ಅಹಿತವೂ ಅಲ್ಲದ್ದರ ಬಳಿಗೆ ಹೋದವರು. ಹಗಲುಗನಸುಗಳೆಲ್ಲ ಒಂದೇ ಜಾತಿಯವಲ್ಲ, ಕಟ್ಟುವ ಕನಸು ಬೇರೆ, ತಪ್ಪಿತಸ್ಥ ಭಾವದಲ್ಲಿ ಬೇಯುವ ಕನಸು ಬೇರೆ ಎಂದು ಜೆರೋಮ್ ಸಿಂಗರ್ ಎಂಬ ಮನೋವಿಜ್ಞಾನಿ ದಶಕಗಳ ಹಿಂದೆಯೇ ವಿಂಗಡಿಸಿದ್ದರು. ಅದು ಹೇಗೋ ಮರೆತುಹೋಗಿತ್ತು.

ಅಲೆದಾಟದಿಂದ ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಫ್ರಾನ್ಸ್‌ನ ಬೋರ್ಡೋ ನಗರದಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ 955 ಚಾಲಕರನ್ನು ಮಾತಾಡಿಸಿದ ಅಧ್ಯಯನವೊಂದು 2012ರಲ್ಲಿ ಬಂತು. ಅಪಘಾತಕ್ಕೆ ತಾವೇ ಕಾರಣರಾದವರಲ್ಲಿ ಶೇ 17ರಷ್ಟು ಮಂದಿ ಆ ಹೊತ್ತಿನಲ್ಲಿ ಗಾಢವಾದ ಯೋಚನೆಯಲ್ಲಿ ಮುಳುಗಿದ್ದರು. ಕಾರಣರಲ್ಲದವರಲ್ಲಿ ಶೇ 9ರಷ್ಟು. ಸ್ಟೀರಿಂಗ್ ಹಿಡಿದವರ ಮನಸ್ಸು ರಸ್ತೆಯಲ್ಲೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ.

ನನ್ನ ಅಮ್ಮನ ವಿಷಯಕ್ಕೆ ಬೆಳಕು ಬಿದ್ದದ್ದು 2016ರ ಪ್ರಬಂಧದಿಂದ. ಕ್ರಿಸ್ಟಾಫ್ ಜೊತೆಗೆ ತತ್ವಶಾಸ್ತ್ರಜ್ಞ ಝಾಕರಿ ಇರ್ವಿಂಗ್, ನರವಿಜ್ಞಾನಿಗಳಾದ ಕೀರನ್ ಫಾಕ್ಸ್, ನೇಥನ್ ಸ್ಪ್ರೆಂಗ್, ಜೆಸಿಕಾ ಆಂಡ್ರೂಸ್-ಹ್ಯಾನಾ ಸೇರಿ ಬರೆದದ್ದು. ಅಲ್ಲಿಯವರೆಗೆ ಹೆಚ್ಚಿನವರು ಅಲೆದಾಟ ಎಂದರೆ ಕೈಲಿರುವ ಕೆಲಸಕ್ಕೆ ಸಂಬಂಧವಿಲ್ಲದ ಯೋಚನೆ ಎಂದು ಹಿಡಿದಿದ್ದರು. ಇವರು ಕೇಳಿದ್ದು: ಯೋಚನೆ ಯಾವುದರ ಬಗ್ಗೆ ಎಂಬುದು ಇರಲಿ, ಅದು ನಡೆಯುವುದು ಹೇಗೆ? ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಸಾಗುತ್ತದೆಯೇ, ಇಲ್ಲ ಒಂದೇ ಕಡೆ ಸಿಕ್ಕಿಕೊಂಡಿದೆಯೇ?

ಅವರ ಪ್ರಕಾರ ಮನಸ್ಸನ್ನು ಹಿಡಿದಿಡುವ ಹಗ್ಗ ಎರಡು ಬಗೆಯದು. ಒಂದು ನಾವೇ ಕಟ್ಟಿಕೊಳ್ಳುವುದು. ಲೆಕ್ಕ ಬಿಡಿಸುವಾಗ, ಪತ್ರ ಬರೆಯುವಾಗ ಮನಸ್ಸನ್ನು ಗೂಟಕ್ಕೆ ಕಟ್ಟಿ, ಅದು ಅತ್ತಿತ್ತ ಹೋದರೆ ಎಳೆದು ತರುತ್ತೇವೆ. ಇನ್ನೊಂದು ಹಗ್ಗ ನಮ್ಮನ್ನು ಕೇಳದೆಯೇ ಬೀಳುತ್ತದೆ. ಭಯ, ಅಪಮಾನ, ಪಶ್ಚಾತ್ತಾಪ, ಅಭ್ಯಾಸ, ಕಿವಿಗೆ ಬಡಿಯುವ ಸದ್ದು, ಇವೆಲ್ಲ ತಮ್ಮಷ್ಟಕ್ಕೆ ಮನಸ್ಸನ್ನು ಕಟ್ಟಿಹಾಕಬಲ್ಲವು. ಎರಡೂ ಹಗ್ಗ ಸಡಿಲವಾಗಿದ್ದಾಗ ನಡೆಯುವುದೇ ಅಲೆದಾಟ. ಇನ್ನೂ ಸಡಿಲವಾದರೆ ನಿದ್ದೆಯ ಕನಸು. ನಾವೇ ಕಟ್ಟುವ ಹಗ್ಗವನ್ನು ಒಂದಿಷ್ಟು ಬಿಗಿದರೆ ಕವಿತೆ ಕಟ್ಟುವ, ಚಿತ್ರ ಬರೆಯುವ ಯೋಚನೆ. ತಾನಾಗಿ ಬಿದ್ದ ಹಗ್ಗ ಉರುಳಿನಂತೆ ಬಿಗಿದರೆ ಕೊರಗು. ಖಿನ್ನತೆಯಲ್ಲೂ ಆತಂಕದ ಕಾಯಿಲೆಯಲ್ಲೂ ಆಗುವುದು ಇದೇ ಎನ್ನುತ್ತಾರೆ ಅವರು.

ಗೂಟಕ್ಕೆ ಕಟ್ಟಿದ ದನವನ್ನು ನೋಡಿದವರಿಗೆ ಗೊತ್ತು. ಹಗ್ಗ ಎಟುಕುವಷ್ಟು ದೂರ ಸುತ್ತಿ ಸುತ್ತಿ, ಹುಲ್ಲೆಲ್ಲ ಮುಗಿದು, ನೆಲ ಬರಿದಾಗಿ, ಗೊರಸಿನ ಗುರುತು ಉಂಗುರದಂತೆ ಬಿದ್ದಿರುತ್ತದೆ. ದೂರದಿಂದ ಕಂಡವರಿಗೆ ಅದು ಓಡಾಡುತ್ತಿದೆ ಎನಿಸಬಹುದು. ಅಮ್ಮನ ಮನಸ್ಸು ಎಲ್ಲೆಲ್ಲೋ ಹರಿದಿರಲಿಲ್ಲ. ಹರಿಯಲು ಅದಕ್ಕೆ ಆಗುತ್ತಲೇ ಇರಲಿಲ್ಲ. ಒಂದು ಲೋಟ ಕಷಾಯದ ಸುತ್ತ ಅದು ವರ್ಷವಿಡೀ ಸುತ್ತಿತು. ಕಟ್ಟಿಹಾಕಿದ ಜೀವಕ್ಕೆ ನಾವು ಅಲೆಯಬೇಡ ಎಂದು ಬುದ್ಧಿ ಹೇಳುತ್ತಿದ್ದೆವು.

ಇಲ್ಲಿ ಭಾಷೆಯ ಒಂದು ತೊಡಕೂ ಇದೆ. ಇಂಥ ಕೊರಗಿಗೆ ಮನೋವಿಜ್ಞಾನ ಇಂಗ್ಲಿಷಿನಲ್ಲಿ ಬಳಸುವ ಪದದ ಮೂಲ ಅರ್ಥ ಮೆಲುಕು ಹಾಕುವುದು. ಕನ್ನಡದಲ್ಲಿ ಮೆಲುಕು ಹಾಕುವುದು ಸವಿಯುವ ಕೆಲಸ. ಹೊಟ್ಟೆ ತುಂಬಿದ ದನ ನೆರಳಲ್ಲಿ ಮಲಗಿ ಮಾಡುವ ಕೆಲಸ. ನಾವು ಮೆಲುಕು ಹಾಕುವುದು ಮದುವೆಮನೆಯನ್ನು, ಹೈಸ್ಕೂಲಿನ ದಿನಗಳನ್ನು. ಆ ಪದವನ್ನು ಯಾರೂ ಕೊರಗಿಗೆ ತಂದು ಅಂಟಿಸದಿರಲಿ.

ಹಗ್ಗದ ಈ ಮಾತು ಬರೀ ಹೋಲಿಕೆಯಾಗಿ ಉಳಿಯಲಿಲ್ಲ. ಕೇಟ್ಲಿನ್ ಮಿಲ್ಸ್, ಕ್ರಿಸ್ಟಾಫ್ ಮತ್ತಿತರರು 2018ರಲ್ಲಿ ಜನರ ದಿನನಿತ್ಯದ ಬದುಕಿನ ನಡುವೆಯೇ ವಿಚಾರಿಸಿ ನೋಡಿದರು. ಯೋಚನೆ ಕೆಲಸ ಬಿಟ್ಟು ಹೋಗಿದೆಯೇ ಎಂಬುದು ಒಂದು, ಯೋಚನೆ ಸಲೀಸಾಗಿ ಸಾಗುತ್ತಿದೆಯೇ ಎಂಬುದು ಇನ್ನೊಂದು. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಬೇಕಿಲ್ಲ ಎಂದು ತಿಳಿಯಿತು. 2021ರಲ್ಲಿ ಜೂಲಿಯಾ ಕ್ಯಾಮ್ ಮತ್ತು ಸಂಗಡಿಗರು 39 ಮಂದಿಯ ತಲೆಗೆ ಇಇಜಿ ತಂತಿಗಳನ್ನು ಅಂಟಿಸಿ ಎರಡನ್ನೂ ಬೇರೆಬೇರೆಯಾಗಿ ಅಳೆದರು. ಯೋಚನೆಗಳು ಸಲೀಸಾಗಿ ಸಾಗುತ್ತಿದ್ದಾಗ ಮಿದುಳಿನ ಮುಂಭಾಗದಲ್ಲಿ ಒಂದು ಅಲೆ ಹೆಚ್ಚುತ್ತಿತ್ತು. ಯಾವ ಅಲೆ? ಆಲ್ಫಾ. ಯೇನಾದಲ್ಲಿ ಬರ್ಗರ್ ಕಂಡು ಹೆಸರಿಟ್ಟ ಅದೇ ಅಲೆ.

ಫೋನನ್ನು ಇದೇ ಕಣ್ಣಿನಿಂದ ನೋಡಬೇಕು ಎನಿಸುತ್ತದೆ. ಮೊದಲೆಲ್ಲ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಗುತ್ತಿತ್ತು. ಈಗ ಕಿಟಕಿ ಸಿಕ್ಕವರೂ ತಲೆ ತಗ್ಗಿಸಿರುತ್ತಾರೆ. ಒಂದು ರೀಲ್‌ನಿಂದ ಇನ್ನೊಂದಕ್ಕೆ ಹೋಗುವುದು ಅಲೆದಾಟದ ಹಾಗೆಯೇ ತೋರುತ್ತದೆ. ಆದರೆ ಪ್ರತಿ ಬಣ್ಣ, ಪ್ರತಿ ಸದ್ದು ಕೇಳದೆ ಬೀಳುವ ಎರಡನೆಯ ಬಗೆಯ ಹಗ್ಗ. ಇಲ್ಲಿ ಹಗ್ಗದ ತುದಿ ಬೇರೆ ಯಾರದೋ ಕೈಯಲ್ಲಿದೆ. ಊರಿಂದ ಊರಿಗೆ ಎರಡು ಗಂಟೆ ಹೋದರೂ ಮನಸ್ಸು ಒಂದು ಗಳಿಗೆ ಬಯಲು ಕಾಣಲಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ. ನನ್ನ ಮಕ್ಕಳ ವಯಸ್ಸಿನವರಿಗೆ ಆ ಬಯಲಿನ ಪರಿಚಯವಾದರೂ ಇದೆಯೇ ಎಂದು ಭಯವೂ ಆಗುತ್ತದೆ.

ಯೋಚನೆ ಹುಟ್ಟುವ ಗಳಿಗೆಯನ್ನೇ ಹಿಡಿಯಲು ಕ್ರಿಸ್ಟಾಫ್ ತಂಡ ಒಮ್ಮೆ ಧ್ಯಾನಿಗಳ ನೆರವು ಪಡೆಯಿತು. ಬರ್ಮಾದ ಮಹಾಸಿ ಸಯಾಡೊ ಅವರ ಪರಂಪರೆಯ ವಿಪಶ್ಯನದಲ್ಲಿ ಮನಸ್ಸಿನಲ್ಲಿ ಏನೆದ್ದರೂ ಅದನ್ನು ಆಗಲೇ ಗುರುತಿಸಿಕೊಳ್ಳುವುದೇ ಸಾಧನೆ. ನಮಗೆ ನಿಮಿಷಗಳ ಮೇಲೆ ತಿಳಿಯುವುದು ಅವರಿಗೆ ಕೂಡಲೇ ತಿಳಿಯುತ್ತದೆ. ಯೋಚನೆ ಮೂಡಿದೊಡನೆ ಗುಂಡಿ ಒತ್ತಿ ಎಂದು ಅವರನ್ನು ಸ್ಕ್ಯಾನರಿನಲ್ಲಿ ಮಲಗಿಸಿದರು. ಬೆರಳು ಗುಂಡಿಗೆ ಹೋಗುವ ಮೊದಲೇ ಹಿಪೊಕ್ಯಾಂಪಸ್ ಇರುವ ಆಸುಪಾಸಿನಲ್ಲಿ ಚಟುವಟಿಕೆ ಎದ್ದಿತ್ತು. ಹಿಪೊಕ್ಯಾಂಪಸ್ ನಮ್ಮ ನೆನಪುಗಳನ್ನು ಹೆಣೆಯುವ ಜಾಗ. ಸುಮ್ಮನೆ ಕೂತಾಗ ಎಲ್ಲಿಂದಲೋ ಬಂತು ಎನಿಸುವ ಯೋಚನೆ ನಮ್ಮದೇ ನೆನಪಿನ ಹಿತ್ತಲಿನಿಂದ ಎದ್ದು ಬಂದಿರುತ್ತದೆ. 2016ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಅವರ ಎಲ್ಲ ಕೆಲಸಗಳಿಗಿಂತ ಸೊಗಸಾಗಿ ಕಾಣುತ್ತದೆ. ಸಾಧಕರ ತಾಳ್ಮೆಯೂ ಯಂತ್ರದ ಕಣ್ಣೂ ಒಂದನ್ನೊಂದು ಗೌರವಿಸಿ ಜೊತೆಗೆ ಕೂತ ಅಪರೂಪದ ಸಂದರ್ಭ ಅದು.

ಇರ್ವಿಂಗ್, ಮಿಲ್ಸ್ ಮೊದಲಾದವರು 2022ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವನ್ನು ಹೇಳದೆ ಮುಗಿಸಲಾರೆ. ಇಟ್ಟಿಗೆಯನ್ನೋ ಪೇಪರ್ ಕ್ಲಿಪ್ಪನ್ನೋ ಎಷ್ಟು ಹೊಸ ರೀತಿಯಲ್ಲಿ ಬಳಸಬಹುದು ಎಂದು ಯೋಚಿಸಲು ಕೊಟ್ಟು, ನಡುವೆ ಒಂದು ವಿಡಿಯೊ ತೋರಿಸಿದರು. ಕೆಲವರಿಗೆ ಇಬ್ಬರು ಗಂಡಸರು ಬಟ್ಟೆ ಮಡಿಸುವ ವಿಡಿಯೊ. ಇನ್ನು ಕೆಲವರಿಗೆ ಒಂದು ಹಾಲಿವುಡ್ ಚಿತ್ರದ ತಮಾಷೆಯ ದೃಶ್ಯ. ಆಮೇಲೆ ಮತ್ತೆ ಅದೇ ಇಟ್ಟಿಗೆ, ಅದೇ ಕ್ಲಿಪ್ಪು. ವಿಡಿಯೊ ನೋಡುವಾಗ ಮನಸ್ಸು ಅಲೆದವರಿಗೆ ಹೊಸ ಉಪಾಯಗಳು ಹೆಚ್ಚು ಹೊಳೆದವು, ಆದರೆ ಚಿತ್ರದ ದೃಶ್ಯ ನೋಡಿದವರಲ್ಲಿ ಮಾತ್ರ. ಬಟ್ಟೆ ಮಡಿಸುವುದನ್ನು ನೋಡುತ್ತ ಕೂತವರಿಗೆ ಅಲೆದಾಟ ನೆರವಾಗಲಿಲ್ಲ. ಮನಸ್ಸಿಗೆ ಒಂದಿಷ್ಟು ಆಸರೆ ಬೇಕು, ಪೂರ್ತಿ ಬೇಸರವಾದರೂ ಕೆಲಸ ಕೆಡುತ್ತದೆ ಎಂದು ಅವರ ಅಭಿಪ್ರಾಯ. ಸ್ನಾನದ ಮನೆಯಲ್ಲಿ, ಕಾಲುದಾರಿಯಲ್ಲಿ ಯೋಚನೆ ಹೊಳೆಯುವುದು ಇದಕ್ಕೇ ಇರಬೇಕು. ಇದೇ ಬಗೆಯ ಹಿಂದಿನ ಪ್ರಯೋಗಗಳಲ್ಲಿ ಕೆಲವು ಮತ್ತೆ ಮಾಡಿದಾಗ ಅದೇ ಫಲ ಕೊಟ್ಟಿಲ್ಲ, ಹಾಗಾಗಿ ಇದನ್ನೂ ಕೊನೆಯ ಮಾತೆಂದು ಹಿಡಿಯಬೇಕಿಲ್ಲ.

ನನಗೆ ಇದನ್ನು ಓದುವಾಗ ಕಣ್ಣಮುಂದೆ ಬಂದದ್ದು ಬತ್ತಿ ಹೊಸೆಯುವ, ಹೂ ಕಟ್ಟುವ, ಅಕ್ಕಿಯಲ್ಲಿ ಕಲ್ಲು ಆರಿಸುವ ಕೈಗಳು. ಕಣ್ಣಿಗೂ ಬೆರಳಿಗೂ ಒಂದಿಷ್ಟು ಕೆಲಸ, ಮನಸ್ಸಿಗೆ ಪೂರ್ತಿ ಬಿಡುವು.

ಅಪ್ಪ ಹೋದ ಎರಡನೆಯ ವರ್ಷ, ಅವರೆಕಾಯಿಯ ಕಾಲ. ಹಿಂದಿನ ರಾತ್ರಿ ನೆನೆಸಿಟ್ಟ ಕಾಳನ್ನು ಬೋಗುಣಿಯಲ್ಲಿ ಮುಂದಿಟ್ಟುಕೊಂಡು ಅಮ್ಮ, ಅಕ್ಕ, ನಾನು ಹಿತುಕುತ್ತ ಕೂತಿದ್ದೆವು. ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ, ಸಿಪ್ಪೆ ಪಕ್ಕಕ್ಕೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಅಮ್ಮನ ಕಣ್ಣು ಕಾಳಿನ ಮೇಲಿದ್ದರೂ ಅವಳು ಅಲ್ಲಿರಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಮತ್ತೆ ಕಷಾಯದ ಮಾತು ಬರುತ್ತದೆಂದು ಇಬ್ಬರೂ ಕಾದೆವು.

"ಲೇ, ನಮ್ಮೂರ ಕೆರೆ ಏರಿ ಮೇಲೆ ಒಂದು ಹೊಂಗೆ ಮರ ಇತ್ತಲ್ಲ," ಎಂದಳು ಅಮ್ಮ, ಕೈ ನಿಲ್ಲಿಸದೆ. "ಅದರ ಬುಡದಲ್ಲಿ ಒಂದು ಕುಂಟ ಕರು ಮಲಗಿರ್ತಿತ್ತು. ಯಾರ ಮನೇದೋ ಅದು?"